ಏಳಕ್ಕೆ ತಿರುಗುವ ಲೂಪರ್

"ಗುರುಗಳೇ, ನಾನು ಕಟ್ಟಿದ್ದನ್ನು ಎಲ್ಲರಿಗೂ ಕೊಟ್ಟುಬಿಟ್ಟರೆ ನನಗೇನು ಉಳಿಯುತ್ತದೆ?"

ಕೇಳಿದವನು ಉಜ್ಜಿನಪ್ಪ, ಮೃದಂಗದ ಶಿಷ್ಯ. ತಾಳ ಕಲಿಸುವ ತಂತ್ರಾಂಶವೊಂದನ್ನು ಆರು ತಿಂಗಳು ಕೂತು ಬರೆದಿದ್ದ. ಜೊತೆಯವರು ಕೇಳಿದರೆ ಕೊಡಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ.

"ಉಳಿಯುವುದರ ಚಿಂತೆ ಈಗಲೇ ಹತ್ತಿತೇ ನಿನಗೆ? ಸರಿ, ಕೇಳು," ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬಳು ಖಂಜಿರ ನುಡಿಸುವವಳಿದ್ದಳು. ಜೊತೆಗಾರರು ಸಿಗದೆ ಕಂಪ್ಯೂಟರಿನಲ್ಲಿ ಲೂಪರ್ ಇಟ್ಟುಕೊಂಡಳು. ಅದು ಒಂದು ಸುತ್ತು ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುತ್ತದೆ. ಅದರ ಮೇಲೆ ಒಬ್ಬಳೇ ಎಷ್ಟು ಬೇಕಾದರೂ ನುಡಿಸಬಹುದು. ಆದರೆ ಅದು ನಾಲ್ಕರ ಲೆಕ್ಕದ್ದು. ಇವಳು ಏಳರ ಮಿಶ್ರಚಾಪು ಕೊಟ್ಟರೆ ಎಂಟನೆಯ ಪೆಟ್ಟಿಗಾಗಿ ಬಾಯಿಬಿಟ್ಟುಕೊಂಡು ಕಾಯುತ್ತಿತ್ತು.

"ಇನ್ನೊಂದು ಪೆಟ್ಟು ಸೇರಿಸಿಬಿಡಿ, ಯಾರಿಗೆ ತಿಳಿಯುತ್ತದೆ?" ಎಂದ ಊರಿನ ಸಂಗೀತ ಸಭೆಯ ಕಾರ್ಯದರ್ಶಿ.

ಸೇರಿಸಿದರೆ ಅದು ಮಿಶ್ರಚಾಪು ಹೇಗಾದೀತು! ಅವಳಿಗೆ ರೇಗಿತು. ಹಟಕ್ಕೆ ಬಿದ್ದು ತಾನೇ ಒಂದು ಲೂಪರ್ ಬರೆದಳು. ಅವಳ ಕಾಲು ಗುಂಡಿ ಒತ್ತಿದಲ್ಲಿಗೆ ಸುತ್ತು ಮುಗಿಯುತ್ತಿತ್ತು. ಏಳಾದರೆ ಏಳು, ಐದಾದರೆ ಐದು.

ಸಭೆಯಲ್ಲಿ ತಿಂಗಳಿಗೊಂದು ಕಚೇರಿ ಅವಳದಾಯಿತು. ಅವಳಿಗಿದ್ದ ವೇದಿಕೆ ಅದೊಂದೇ. ಅಷ್ಟರಲ್ಲಿ ಅವಳು ಆ ಲೂಪರನ್ನು, ಕಟ್ಟಿದ ಬಗೆಯ ಸಮೇತ, ಕೇಳಿದವರಿಗೆಲ್ಲ ಕೊಡತೊಡಗಿದಳು. ಕಾರ್ಯದರ್ಶಿಗೆ ತಡೆಯಲಾಗಲಿಲ್ಲ.

"ನಿಮಗೇನು ತಲೆ ಕೆಟ್ಟಿದೆಯೇ? ನಾಳೆ ಎಲ್ಲರೂ ಇದರಲ್ಲೇ ನುಡಿಸಿದರೆ ನಿಮ್ಮನ್ನು ಯಾಕೆ ಕರೆಯಬೇಕು? ಕೊಡುವುದನ್ನು ನಿಲ್ಲಿಸಿ, ಇಲ್ಲವೇ ವೇದಿಕೆ ಬಿಡಿ."

"ಕರೆಯಬೇಡಿ," ಎಂದಳು ಅವಳು. "ಕೊಡುವುದನ್ನಂತೂ ನಾನು ನಿಲ್ಲಿಸುವುದಿಲ್ಲ."

ಮುಂದಿನ ತಿಂಗಳು ಅವಳ ಜಾಗದಲ್ಲಿ ಒಬ್ಬ ತರುಣ ಕೂತ. ಅವನ ಮುಂದಿದ್ದದ್ದು ಅವಳದೇ ಲೂಪರ್. ಅವಳು ಬಂದು ಮೊದಲ ಸಾಲಿನಲ್ಲೇ ಕೂತಳು. ಹೊಟ್ಟೆ ಉರಿಯಲಿಲ್ಲವೇ? ಉರಿಯಿತಪ್ಪ, ಅವಳೂ ಮನುಷ್ಯಳೇ.

ತರುಣ ಗಾಬರಿಯಲ್ಲಿ ಗುಂಡಿಯನ್ನು ತಡವಾಗಿ ಒತ್ತಿದ. ಸುತ್ತು ಎಂಟಾಯಿತು. ಯಂತ್ರಕ್ಕೆ ದಾಕ್ಷಿಣ್ಯವೆಲ್ಲಿ? ಆ ತಪ್ಪನ್ನೇ ತಿರುಗಿಸಿ ತಿರುಗಿಸಿ ಹೇಳಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಎದ್ದೇ ಹೋಗುವುದರಲ್ಲಿದ್ದ.

ಅವಳು ಕೈ ಎತ್ತಿ ತಾಳ ಹಾಕತೊಡಗಿದಳು. ತಕಿಟ ತಕ ದಿಮಿ, ತಕಿಟ ತಕ ದಿಮಿ. ಪಕ್ಕದವರು ಸೇರಿಕೊಂಡರು, ಆಮೇಲೆ ಇಡೀ ಸಭೆ ಸೇರಿಕೊಂಡಿತು. ತರುಣ ಹಳೆಯ ಸುತ್ತನ್ನು ಅಳಿಸಿ, ಕಿವಿಗೊಟ್ಟು, ಮತ್ತೆ ಒತ್ತಿದ. ಏಳಕ್ಕೆ ಸರಿಯಾಗಿ ಕೂತಿತು.

ಕಚೇರಿ ಮುಗಿದಾಗ ಕಾರ್ಯದರ್ಶಿ ಬಾಗಿಲಲ್ಲಿ ಅಡ್ಡ ನಿಂತ. "ಬಿದ್ದವನನ್ನು ನೀವೇ ಎತ್ತಿ ಕೂರಿಸಿದಿರಲ್ಲ! ಇನ್ನು ನಿಮ್ಮ ಜಾಗ ಅವನದೇ."

"ಇಟ್ಟುಕೊಳ್ಳಲಿ. ಏಳೋ ಎಂಟೋ ಯಾರಿಗೆ ತಿಳಿಯುತ್ತದೆ ಎಂದಿದ್ದಿರಿ. ಇವತ್ತು ಎಷ್ಟು ಕೈ ಎದ್ದವು, ನೋಡಿದಿರಾ?" ಎಂದು ಅವಳು ಅವನನ್ನು ದಾಟಿಕೊಂಡು ಹೋದಳು.

ಉಜ್ಜಿನಪ್ಪನಿಗೆ ಸಮಾಧಾನವಾಗಲಿಲ್ಲ. "ಆದರೂ ಅವಳ ವೇದಿಕೆ ಹೋಯಿತಲ್ಲ, ಗುರುಗಳೇ. ನನ್ನದಕ್ಕೆ ನಾನು ಬೀಗ ಹಾಕಿಕೊಂಡರೆ ತಪ್ಪೇನು?"

"ಹಾಕಿಕೋ," ಎಂದರು ಗುರುಗಳು. "ಅದರೊಳಗಿರುವ ನನ್ನ ತಾಳಗಳನ್ನು ಮಾತ್ರ ಬಿಚ್ಚಿ ಇಲ್ಲಿಟ್ಟು ಹೋಗು."