ಹೆಗ್ಗಣ ಧಣಿಯ ಎರಡು ತಂಡಗಳು

ಸೋಲು ಅಂದರೆ ಹೆಗ್ಗಣ ಧಣಿಗೆ ಮೈಯೆಲ್ಲ ಉರಿ. ಕಾಳಿನ ವ್ಯಾಪಾರದಲ್ಲಿ ಮೂರು ತಲೆಮಾರು ಮೆರೆದ ಮನೆತನ ಅವನದು. ಹಾಗಾಗಿ ತನ್ನ ಅಳಿಲುಗಳ ಕಬಡ್ಡಿ ತಂಡ ಮೊಲಗಳಿಗೆ ಸೋತಾಗ ಅವನು ತಡಮಾಡಲಿಲ್ಲ. ಸಂಜೆಯೊಳಗೆ ಮೊಲಗಳ ತಂಡವನ್ನೂ ಕೊಂಡುಕೊಂಡ.

ಮರುವರ್ಷ ಫೈನಲ್ಲಿಗೆ ಬಂದದ್ದು ಅವೇ ಎರಡು ತಂಡ. ಯಾರು ಗೆದ್ದರೂ ಕಪ್ ನಮ್ಮ ಮನೆಗೇ ಎಂದು ಧಣಿ ಹೆಂಡತಿ ಮಕ್ಕಳೊಂದಿಗೆ ಮುಂದಿನ ಸಾಲಿನಲ್ಲಿ ಮೀಸೆ ತಿರುವುತ್ತಾ ಕೂತ. ಅಳಿಲೊಂದು 'ಕಬಡ್ಡಿ ಕಬಡ್ಡಿ' ಎನ್ನುತ್ತಾ ಗೆರೆ ದಾಟಿತು. ಮೊಲಗಳು ಸುತ್ತುವರಿದವು. ಆದರೆ ಕಾಲಿಗೆ ಕೈಹಾಕುವ ಮೊದಲು ಧಣಿಯತ್ತ ತಿರುಗಿ, "ಧಣೀ, ಹಿಡಿಯೋಣವೋ, ಬಿಡೋಣವೋ?" ಎಂದು ಕೇಳಿದವು.

ಹಿಡಿದರೂ ತನ್ನ ತಂಡಕ್ಕೇ ಪೆಟ್ಟು, ಬಿಟ್ಟರೂ ತನ್ನ ತಂಡಕ್ಕೇ. ಧಣಿಯ ಕೈ ಮೀಸೆಯ ಮೇಲೇ ನಿಂತಿತು.

"ಅಪ್ಪಾಜಿ, ಬೇಗ ಹೇಳಿ. ಅಳಿಲಿನ ಉಸಿರು ಮುಗಿಯುತ್ತಿದೆ!" ಎಂದ ಮಗ.

ಅಷ್ಟರಲ್ಲಿ ಆಟ ನೋಡಲು ಬಂದಿದ್ದ ಗುಬ್ಬಚ್ಚಿಗಳು ಬೇಸತ್ತು ಎದ್ದು, ಪಕ್ಕದ ಕೆಸರಿನತ್ತ ಹಾರಿದವು. ಅಲ್ಲಿ ಕಪ್ಪೆಗಳು ತಾವೇ ಗೆರೆ ಎಳೆದುಕೊಂಡು ಆಡುತ್ತಿದ್ದವು. ಧಣಿ ಅವುಗಳ ಹಿಂದೆಯೇ ಅಲ್ಲಿಗೆ ಓಡಿ ಬರುವಷ್ಟರಲ್ಲಿ ಆಟ ಮುಗಿದಿತ್ತು. ಸೋತ ಕಪ್ಪೆಯೊಂದು ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಅದರ ಜೊತೆ ಗುಬ್ಬಚ್ಚಿಗಳೂ ಕಣ್ಣೀರು ಹಾಕುತ್ತಿದ್ದವು. ಧಣಿಗೆ ಹೊಟ್ಟೆಕಿಚ್ಚಾಯಿತು.

"ನಿಮ್ಮ ತಂಡಕ್ಕೆ ಏನು ಬೆಲೆ?" ಎಂದ.

ಕಪ್ಪೆ ಕಣ್ಣೊರೆಸಿಕೊಂಡು ಹೇಳಿತು: "ಕೊಳ್ಳಿ ಧಣೀ. ಆದರೆ ನಾಳೆಯಿಂದ ಸೋತರೆ ನಮಗೆ ಅಳು ಬರುವುದಿಲ್ಲ."