ಬೆಟ್ಟದ ದೂರದರ್ಶಕ, ಕಣಿವೆಯ ತಟ್ಟೆ

ಫೆಬ್ರವರಿ ಮೂರು. ಒಣ ಚಳಿ, ಮೋಡವಿಲ್ಲ.

ಬೆಟ್ಟದ ಮೇಲಿನ ದೂರದರ್ಶಕಕ್ಕೂ ಕಣಿವೆಯ ರೇಡಿಯೊ ತಟ್ಟೆಗೂ ಒಂದೇ ಕೆಲಸ. ಬ್ಲೇಜಾರ್ ಎಂಬ ಬಹುದೂರದ ಜ್ಯೋತಿ ಯಾವಾಗ ಭುಗಿಲೇಳುತ್ತದೆಂದು ಕಾಯಬೇಕು. ದೂರದರ್ಶಕ ಅದರ ಬೆಳಕನ್ನು ಅಳೆದು ಬರೆದಿಡಬೇಕು, ತಟ್ಟೆ ಅದರ ರೇಡಿಯೊ ಅಲೆಗಳನ್ನು.

ಅಂದು ದೂರದರ್ಶಕ ಕೂಗಿತು: "ಹತ್ತು ಪಟ್ಟು ಬೆಳಗಿದೆ! ನಿನಗೇನು ಸಿಕ್ಕಿತಯ್ಯಾ?"

"ಏನೂ ಇಲ್ಲ ಸ್ವಾಮಿ. ಎಂದಿನಂತೆಯೇ ಇದೆ."

"ಇಷ್ಟು ದೊಡ್ಡದು ನಿನಗೆ ಸಿಗಲಿಲ್ಲವೇ? ಅಷ್ಟಗಲ ಬಾಯಿ ತೆರೆದುಕೊಂಡು ಆಕಳಿಸುತ್ತಿದ್ದೆಯಾ?"

ತಟ್ಟೆಗೆ ನಾಚಿಕೆಯಾಯಿತು. ದೂರದರ್ಶಕಕ್ಕೆ ಬೆಟ್ಟವಿತ್ತು, ಗುಮ್ಮಟವಿತ್ತು, ನೋಡಲು ಬರುವ ಜನರಿದ್ದರು. ತನಗಿದ್ದದ್ದು ಮೇಕೆಗಳು ಮಾತ್ರ. ಅದು ತನ್ನ ದಾಖಲೆಯಲ್ಲಿ 'ಇಂದೇ ಹೆಚ್ಚಿತು' ಎಂದು ಬರೆಯಿತು.

"ಈಗ ದಾರಿಗೆ ಬಂದೆ," ಎಂದಿತು ದೂರದರ್ಶಕ.

ನಲವತ್ತು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ, ರೇಡಿಯೊ ಅಲೆಗಳು ನಿಜವಾಗಿಯೂ ಉಕ್ಕಿ ಬಂದವು. ಹಿಂದೆ ಬರೆದ ಸುಳ್ಳು ಬಯಲಾದೀತೆಂಬ ಗಾಬರಿಯಿಂದ ತಟ್ಟೆ 'ಲಾರಿ ಎಂಜಿನ್ನಿನ ಗದ್ದಲ' ಎಂದು ಬರೆದು, ಅಷ್ಟನ್ನೂ ಅಳಿಸಿಹಾಕಿತು.

ಅದರ ಅಂಚಿನ ಮೇಲೆ ಕುಳಿತಿದ್ದ ಗೊರವಂಕ ಕೇಳಿತು: "ಲಾರಿ ಎಲ್ಲಿದೆ ಅಣ್ಣಾ? ನನಗೆ ಮೇಕೆ ಬಿಟ್ಟರೆ ಬೇರೇನೂ ಕಾಣದು."

"ಸುಮ್ಮನಿರು. ದೊಡ್ಡವರ ಮೆಚ್ಚುಗೆ ಬಿಟ್ಟಿ ಸಿಗುತ್ತದೆಯೇ?"

"ಹಾಗಾದರೆ ಅದಕ್ಕೆ ಏನು ತೆತ್ತೆ?"

"ನಲವತ್ತು ದಿನ," ಎಂದಿತು ತಟ್ಟೆ. "ಬೆಳಕು ಬಂದ ಎಷ್ಟು ದಿನಕ್ಕೆ ಅಲೆ ಬರುತ್ತದೆಂದು ತಿಳಿಯಲೆಂದೇ ನಮ್ಮಿಬ್ಬರನ್ನೂ ಕಟ್ಟಿಸಿದ್ದರು."