ಬಮ್ಮನ ಮುಖ

ಗುರು ಕಲಿದೇವಯ್ಯನವರ ಮಠ ಹೊಳೆಯ ದಡದಲ್ಲಿತ್ತು. ಅಲ್ಲಿ ಮಂತ್ರಕ್ಕಿಂತ ಮೊದಲು ಕಲ್ಲು ಕೆತ್ತುವುದನ್ನು ಕಲಿಸುತ್ತಿದ್ದರು. ಬರೀ ಬಾಯಿಪಾಠಕ್ಕೆಂದು ಬಂದವರು ಕೈಗೆ ಬೊಬ್ಬೆ ಎದ್ದ ಕೂಡಲೇ ಗಂಟುಮೂಟೆ ಕಟ್ಟುತ್ತಿದ್ದರು. ಮಾಚ ಮಾತ್ರ ಉಳಿದಿದ್ದ.

ಒಂದು ಸಂಜೆ ಆ ಮಾಚ ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಗುರುಗಳ ಮುಂದೆ ಬಂದು ನಿಂತ.

"ಅಪ್ಪಣೆ ಕೊಡಿ ಗುರುಗಳೇ. ದಂಡು ಹೊಳೆ ದಾಟ್ತಾ ಇದೆ. ನಾನೂ ಹೊರಟೆ."

"ನಿನ್ನ ತಮ್ಮನ ಕಲ್ಲು?"

"ಮುಗಿದ ಹಾಗೇ."

ಮಾಚನ ತಮ್ಮ ಬಮ್ಮ ಹಿಂದಿನ ಕಾಳಗದಲ್ಲಿ ಸತ್ತಿದ್ದ. ಮೀಸೆ ಇನ್ನೂ ನೆಟ್ಟಗೆ ಮೂಡಿರದ ಹುಡುಗ. ದಂಡಿನವರು ಅವನನ್ನು ಅಲ್ಲೇ ಸುಟ್ಟು ಬಂದಿದ್ದರು. ಹೆತ್ತವ್ವನಿಗೆ ಮಗನ ಮುಖ ಕಡೆಯದಾಗಿ ನೋಡಲೂ ಸಿಗಲಿಲ್ಲ, ಪಾಪ. ಅದಕ್ಕೇ ಅಣ್ಣ ವೀರಗಲ್ಲು ಕೆತ್ತುತ್ತಿದ್ದ. ಮರುದಿನ ಬೆಳಿಗ್ಗೆ ಅವ್ವ ಬಂದು ಅದಕ್ಕೆ ಮೊದಲ ಎಣ್ಣೆ ಹಚ್ಚಿ, ಕುಂಕುಮ ಇಡಬೇಕಿತ್ತು.

"ತೋರಿಸು ನಡಿ."

"ಹೊತ್ತಾಯ್ತು ಗುರುಗಳೇ."

"ಅಷ್ಟರಲ್ಲಿ ಹೊಳೆ ಬತ್ತಿ ಹೋಗಲ್ಲ. ನಡಿ."

ವೀರಗಲ್ಲಿಗೆ ಒಂದು ಕ್ರಮವಿದೆ. ತುದಿಯಲ್ಲಿ ಶಿವಲಿಂಗ. ನಡುವೆ ಸತ್ತವನನ್ನು ಹೊತ್ತೊಯ್ಯುವ ಅಪ್ಸರೆಯರು. ಕೆಳಗೆ ಕಾಳಗ. ಮಾಚ ಕ್ರಮ ತಪ್ಪಿರಲಿಲ್ಲ.

ಕೆಳಗಿನ ಕಾಳಗದಲ್ಲಿ ಇಬ್ಬರು ಎದುರುಬದುರು ನಿಂತಿದ್ದರು. ಒಬ್ಬ ಶತ್ರು. ಅವನ ಸೀಳುತುಟಿ, ಅರ್ಧ ಸುಟ್ಟ ಹುಬ್ಬು, ಕೆನ್ನೆಯ ಸಿಡುಬಿನ ಕಲೆ, ಒಂದೂ ಬಿಟ್ಟಿರಲಿಲ್ಲ. ನೋಡಿದರೆ ಈಗ ಉಗುಳುತ್ತಾನೋ ಅನ್ನಿಸುತ್ತಿತ್ತು.

ಇನ್ನೊಬ್ಬ ಬಮ್ಮ. ಅವನ ಕೊರಳಿನ ಮೇಲೆ ಬರೀ ಕಲ್ಲುಂಡೆ. ಮೇಲೆ ಅಪ್ಸರೆಯರು ಹೊತ್ತೊಯ್ಯುತ್ತಿದ್ದುದೂ ಮುಖವಿಲ್ಲದ ಹುಡುಗನನ್ನೇ.

ಗುರುಗಳು ಮರುದಿನದ ಪೂಜೆಗೆ ತಂದಿಟ್ಟಿದ್ದ ಭರಣಿಯಿಂದ ಕುಂಕುಮ ತೆಗೆದುಕೊಂಡರು. ಬಗ್ಗಿ, ಶತ್ರುವಿನ ಹಣೆಗೆ ಇಟ್ಟರು.

ಮಾಚನ ಕತ್ತಿ ಒರೆಯಿಂದ ಅರ್ಧ ಹೊರಗೆ ಬಂತು.

"ಒರೆಸಿ ಅದನ್ನ!"

"ಯಾಕೆ?"

"ನನ್ನ ತಮ್ಮನ್ನ ಕೊಂದವನು ಅವನು!"

"ಈ ಇಬ್ಬರಲ್ಲಿ ಮುಖ ಇರೋದು ಅವನೊಬ್ಬನಿಗೇ. ನಾಳೆ ನಿಮ್ಮವ್ವ ಕುಂಕುಮ ಇನ್ನೆಲ್ಲಿ ಇಡ್ತಾಳಪ್ಪ?"

"ಗುರುಗಳೇ, ಒರೆಸಿ ಅಂದೆ."

ಸಿಟ್ಟಿಗೆ ಗುರುವಿಲ್ಲ, ಹಿರಿಯರಿಲ್ಲ. ಗುರುಗಳು ನಿಂತಲ್ಲಿಂದ ಕದಲಲಿಲ್ಲ.

"ಇವನನ್ನ ನೀನು ಕಣ್ಣಾರೆ ನೋಡಿದ್ದೀಯಾ?"

"ಇಲ್ಲ."

"ಮತ್ತೆ ಇಷ್ಟು ಚೆನ್ನಾಗಿ ಕೆತ್ತಿದ್ದೀಯಲ್ಲ?"

"ಉಳಿದು ಬಂದವರನ್ನೆಲ್ಲ ಹಿಡಿದು ಕೂರಿಸಿ ಕೇಳಿದೆ. ಎದುರಿಗೆ ಸಿಕ್ಕರೆ ಗುರುತು ತಪ್ಪಬಾರದು ಅಂತ."

"ಬಮ್ಮನನ್ನ ಎತ್ತಿ ಆಡಿಸಿದವನು ನೀನು. ಅವನ ಮುಖ ಯಾರನ್ನೂ ಕೇಳಬೇಕಾಗಿರಲಿಲ್ಲ."

ಮಾಚನ ಕತ್ತಿ ಒರೆಯೊಳಗೆ ಇಳಿಯಿತು. ಅವನು ಕಲ್ಲಿನ ಮುಂದೆ ಕುಸಿದು ಕೂತ.

"ಬರ್ತಾ ಇಲ್ಲ ಗುರುಗಳೇ. ಕಣ್ಣು ಮುಚ್ಚಿದರೆ ಈ ಸೀಳುತುಟಿಯವನೇ ಬಂದು ನಿಲ್ತಾನೆ. ಬಮ್ಮ ಹಿಂದೆ ಎಲ್ಲೋ ಇರ್ತಾನೆ. ಇವನು ದಾರಿ ಬಿಡಲ್ಲ."

ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಕಲ್ಲು ಒಡೆದು ಗಟ್ಟಿಯಾದ ಕೈಗಳಲ್ಲಿ ಮುಖ ಮುಚ್ಚಿಕೊಂಡು, ಮಕ್ಕಳ ಹಾಗೆ ಅತ್ತ.

ಹೊಳೆಯ ಕಡೆಯಿಂದ ಕೊಂಬಿನ ಸದ್ದು ಬಂತು. ಯಾರೋ ದಂಡಿನವನು ಕೂಗಿದ. "ಮಾಚಾ! ಇದೇ ಕಡೇ ಹರಿಗೋಲು, ಬಾರೋ!"

ಮಾಚ ಕಣ್ಣೊರೆಸಿಕೊಂಡು ಎದ್ದ.

"ಸುಳ್ಳು ಹೇಳಿದರೆ ನಿನಗೆ ಹೇಗೆ ಗೊತ್ತಾಗ್ತಿತ್ತು?" ಎಂದರು ಗುರುಗಳು.

"ಯಾರು?"

"ಬಮ್ಮ."

"ಈಗ ಅದೆಲ್ಲ ಯಾಕೆ ಗುರುಗಳೇ..." ಎಂದವನು ಅಲ್ಲೇ ನಿಂತ. "ಅವನಿಗೆ ಸುಳ್ಳು ಹೇಳೋಕೇ ಬರ್ತಿರಲಿಲ್ಲ. ಕೆಳತುಟಿ ಕಚ್ಕೊಂಡು ಬಿಡ್ತಿದ್ದ. ಆಗ ಎಡಗೆನ್ನೆಯಲ್ಲಿ ಒಂದೇ ಒಂದು ಗುಳಿ ಬೀಳೋದು. ಬಯ್ಯೋಕೆ ಬಂದ ಅವ್ವ ಅದನ್ನ ನೋಡಿ ತಾನೇ ನಕ್ಕುಬಿಡೋಳು."

"ಹೂಂ."

"ದಂಡಿಗೆ ಹೊರಟ ದಿನ ಕೇಳಿದೆ, ಭಯ ಇಲ್ಲವೇನೋ ಅಂತ. 'ಇಲ್ಲಣ್ಣ' ಅಂದ." ಮಾಚ ಮತ್ತೆ ಕಲ್ಲಿನ ಮುಂದೆ ಬಗ್ಗಿದ. "ತುಟಿ ಕಚ್ಕೊಂಡಿದ್ದ ಗುರುಗಳೇ. ನಾನು ನೋಡಿದೆ. ನೋಡಿಯೂ ಕಳಿಸಿದೆ."

ಅವನ ಹೆಬ್ಬೆರಳು ತಾನಾಗಿಯೇ ಕಲ್ಲುಂಡೆಯ ಮೇಲೆ ಹೋಗಿ, ಎಡಗೆನ್ನೆ ಇರಬೇಕಾದ ಜಾಗದಲ್ಲಿ ನಿಂತಿತ್ತು.

ಹೊಳೆಯಿಂದ ಮತ್ತೆ ಕೂಗು. "ಮಾಚಾ! ಹಗ್ಗ ಬಿಚ್ತಾ ಇದ್ದೀವಿ!"

ಮಾಚ ಹೊಳೆಯ ಕಡೆ ತಿರುಗಿದ. ಮತ್ತೆ ಕಲ್ಲಿನ ಕಡೆ ತಿರುಗಿದ.

"ಈ ಮುಖ ಕೆತ್ತೋಕೆ ಬೆಳಗಾಗೋವರೆಗೂ ಕೂರಬೇಕು. ಈಗ ಹೋಗದಿದ್ದರೆ ಆ ಸೀಳುತುಟಿಯವನು ನನ್ನ ಕೈ ತಪ್ಪಿ ಹೋಗ್ತಾನೆ ಗುರುಗಳೇ."

ಗುರುಗಳು ಉಳಿ, ಸುತ್ತಿಗೆ ಎರಡನ್ನೂ ಅವನ ಮುಂದೆ ಸರಿಸಿದರು.

"ಹೋದರೆ ಯಾರು ತಪ್ಪಿ ಹೋಗ್ತಾನೆ, ಮಾಚಾ?"